ಹುಲಗೂರ ಸಂತೆಯ ಮುದುಕಿ

ಶಿಶುನಾಳ ಶರೀಫರ (1819–1889) ಪದವೊಂದರಲ್ಲಿ ನಮ್ಮ ಜಿಲ್ಲೆಯ ಹುಲಗೂರ ಸಂತೆ ಬರುತ್ತದೆ. ಆ ಗದ್ದಲದಲ್ಲಿ ನಿಂತ ಮುದುಕಿಗೆ, ಬಿದ್ದೀಯೆಂದು ಅವರು ಎಚ್ಚರಿಸುತ್ತಾರೆ. ಸಂತೆಯೆಂದರೆ ಸಂಸಾರ, ಮುದುಕಿಯೆಂದರೆ ಜೀವ; ಅಜ್ಜನ ಕಾಲದ ಭಜನೆಯವರು ಹಾಗೇ ತಿಳಿದು ಹಾಡುತ್ತಿದ್ದರು, ಯಾರೂ ನಗುತ್ತಿರಲಿಲ್ಲ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ಸಿ. ಅಶ್ವತ್ಥರ ಸಂಗೀತದಲ್ಲಿ ಶರೀಫರ ಪದಗಳು ಕ್ಯಾಸೆಟ್ಟಿನಿಂದ ಮನೆಮನೆ ತಲುಪಿದವು. ಒಳ್ಳೆಯದೇ ಆಯಿತು, ಆದರೆ ಹುಡುಗರಾದ ನಮಗೆ ದಕ್ಕಿದ್ದು ಧಾಟಿ ಮಾತ್ರ. ಶಾಲೆಯ ದಾರಿಯಲ್ಲಿ ಕೋಲೂರಿ ಬರುವ ಅಜ್ಜಿಯೊಬ್ಬಳನ್ನು ಆ ಪದ ಹಾಡಿ ಕೆಣಕುತ್ತಿದ್ದೆವು. ಒಂದು ದಿನ ಆಕೆ ತಿರುಗಿ ನಿಂತು, “ಅದು ನನಗಷ್ಟ ಅಲ್ಲೋ ತಮ್ಮಾ, ನಿನಗೂ ಹೇಳ್ಯಾನ ಶರೀಫಜ್ಜ” ಅಂದಳು.

ಈ ಸಂಭ್ರಮಕ್ಕೆ ಹಾಡು ಆರಿಸುವಾಗ ಸಹಪಾಠಿಯೊಬ್ಬ ಆ ಪದ ಬೇಡವೆಂದ, ವಯಸ್ಸಾದವರನ್ನು ಅಣಕಿಸುತ್ತದಂತೆ. ಅವನಿಗೆ ಅಜ್ಜಿಯ ಮಾತು ಹೇಳಿದೆ.