'ರೆಪಾರ್ಟೀ' ಶಬ್ದದ ಅರ್ಥವಿಚಾರ ಮತ್ತು ಬೆಂಗಳೂರಿನ ದಂಡು

ಆಡಿದ ಮಾತಿಗೆ ಒಡನೆಯೇ ಕೊಡುವ ಚತುರವಾದ ಮಾರುತ್ತರಕ್ಕೆ ಆಂಗ್ಲಭಾಷೆಯಲ್ಲಿ 'ರೆಪಾರ್ಟೀ' ಎಂಬ ಹೆಸರುಂಟು. ಈ ಶಬ್ದದ ಮೂಲವನ್ನೂ ಅದರ ನೆರೆಯ ಶಬ್ದಗಳನ್ನೂ ಬೆಂಗಳೂರಿನ ದಂಡುಪ್ರದೇಶದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಾತಿನ ಚಾತುರ್ಯವೊಂದರಿಂದಲೇ ಈ ಹೆಸರು ಸಲ್ಲುವುದಿಲ್ಲ. ಆಡಿದವನ ಅಂತಸ್ತೂ ಅದನ್ನು ನಿರ್ಣಯಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.

'ರೆಪಾರ್ಟೀ' ಹದಿನೇಳನೆಯ ಶತಮಾನದಲ್ಲಿ ಫ್ರೆಂಚಿನಿಂದ ಆಂಗ್ಲಕ್ಕೆ ಬಂದ ಪದ. ಅದರ ಮೂಲವಾದ ಕ್ರಿಯಾಪದಕ್ಕೆ 'ಮರಳಿ ಹೊರಡು' ಎಂದೂ 'ಥಟ್ಟನೆ ಉತ್ತರಿಸು' ಎಂದೂ ಅರ್ಥವಿದ್ದಿತು. ಇದರ ಸಮೀಪದ 'ರಿಪೋಸ್ಟ್' ಶಬ್ದದ ಚರಿತ್ರೆ ಇನ್ನೂ ಸ್ವಾರಸ್ಯವಾದುದು. ಇಟಾಲಿಯನ್ನಿನಲ್ಲಿ ಕೇವಲ 'ಉತ್ತರ'ವೆಂಬ ಅರ್ಥವಿದ್ದ ಪದವು ಫ್ರೆಂಚರ ಕತ್ತಿವರಸೆಯಲ್ಲಿ, ಎದುರಾಳಿಯ ಇರಿತವನ್ನು ತಡೆದು ಕೂಡಲೇ ಹಿಂದಿರುಗಿಸುವ ಇರಿತಕ್ಕೆ ಹೆಸರಾಯಿತು; ಆಂಗ್ಲದಲ್ಲಿ ಅದು ಪುನಃ ಮಾತಿನ ಕ್ಷೇತ್ರಕ್ಕೆ ಮರಳಿತು. ನಮ್ಮ 'ಕುಚೋದ್ಯ'ವಾದರೋ ಹುಟ್ಟಿದುದು ವಾದರಂಗದಲ್ಲಿ. ಶಾಸ್ತ್ರಚರ್ಚೆಯಲ್ಲಿ ಎತ್ತುವ ಆಕ್ಷೇಪಣೆಗೆ 'ಚೋದ್ಯ'ವೆಂದು ಹೆಸರು. ವಕ್ರವಾದ ಆಕ್ಷೇಪಣೆ ಕುಚೋದ್ಯ. ಕತ್ತಿಯ ಕಣದಲ್ಲಾಗಲಿ ವಾದದ ಸಭೆಯಲ್ಲಾಗಲಿ ಎದುರುಬದುರು ನಿಂತವರು ಸಮಾನರೆಂಬುದನ್ನು ಇಲ್ಲಿ ಗಮನಿಸಬೇಕು.

ಈ ಸಮಾನತೆ ಇಲ್ಲದೆಡೆ ಅದೇ ಮಾತು ಬೇರೆ ಹೆಸರನ್ನು ಪಡೆಯುತ್ತದೆ. 1809ರಲ್ಲಿ ಹಲಸೂರಿನ ಬಳಿ ಸ್ಥಾಪಿತವಾದ ದಂಡು, 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಹಿಂದಿರುಗಿದ ಮೇಲೂ ಬ್ರಿಟಿಷರ ಆಡಳಿತದಲ್ಲಿಯೇ ಉಳಿದು, 1947ರಲ್ಲಿ ಮೈಸೂರಿಗೆ ಮರಳಿ ಸೇರಿತು. ಅಲ್ಲಿನ ಬಾಳಿಗೆ ಅಂತಸ್ತೇ ಆಧಾರ. 1881ರ ಬ್ರಿಟಿಷ್ ಸೈನ್ಯಶಾಸನದ ಪ್ರಕಾರ ಮೇಲಧಿಕಾರಿಯೊಡನೆ ಅವಿಧೇಯವಾಗಿ ಮಾತನಾಡುವುದು ದಂಡನಾರ್ಹ ಅಪರಾಧ. ಅಧಿಕಾರಿಗಳ ಭೋಜನಕೂಟದಲ್ಲಿ ನಗೆಯೆಬ್ಬಿಸುವ ಮಾರುತ್ತರವೇ ಕೆಳಗಿನವನ ಬಾಯಿಂದ ಮೇಲಿನವನಿಗೆ ಬಂದರೆ 'ಬ್ಯಾಕ್‌ಚಾಟ್' ಎನಿಸುವುದು. ಈ ಶಬ್ದವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೈನಿಕರ ಆಡುನುಡಿಯಿಂದಲೇ ಬಂದುದು. ಇದು ಆಂಗ್ಲರೊಬ್ಬರ ದೋಷವೆಂದು ತಿಳಿಯಲಾಗದು. ಹಿರಿಯರಿಗೆ ಕಿರಿಯನು ಮಾರುನುಡಿದರೆ ನಾವು ಅದನ್ನು 'ಎದುರುತ್ತರ'ವೆಂದು ಗದರಿಸುತ್ತೇವೆ. ರಾಜನಿಗೂ ಕೊಂಕು ನುಡಿಯುವ ಅಧಿಕಾರವನ್ನು ನಮ್ಮ ಕಥೆಗಳು ತೆನಾಲಿ ರಾಮಕೃಷ್ಣನಂಥ ವಿಕಟಕವಿಗೆ ಮಾತ್ರ ಕೊಟ್ಟಿವೆ.

ಚರಿತ್ರೆಕಾರರಿಗೆ ಈ ಭೇದ ಮುಖ್ಯವಾದುದು. 1896ರಲ್ಲಿ ನಾಲ್ಕನೆಯ ಹುಸ್ಸಾರ್ ದಳದೊಡನೆ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್, ಗಿಬ್ಬನ್ ಮೆಕಾಲೆಯವರ ಗ್ರಂಥಗಳನ್ನು ಇಲ್ಲಿಯೇ ಓದಿದನು. ಮುಂದೆ ಮಾರುತ್ತರಗಳಿಗೆ ಪ್ರಸಿದ್ಧನಾದ ಆತನ ಹೆಸರಿಗೆ, ಆತನವೆಂಬುದಕ್ಕೆ ಸಮಕಾಲೀನ ಆಧಾರವಿಲ್ಲದ ಎಷ್ಟೋ ಮಾತುಗಳೂ ಅಂಟಿಕೊಂಡಿವೆ. ಹಿಂದೆ ಬ್ಲ್ಯಾಕ್‌ಪಳ್ಳಿ ಎನಿಸಿದ್ದ ಶಿವಾಜಿನಗರದ ಮತ್ತು ಹಲಸೂರಿನ ಪೇಟೆಗಳಲ್ಲಿ ತಮಿಳು, ಉರ್ದು, ತೆಲುಗು, ಕನ್ನಡಗಳನ್ನಾಡುತ್ತ ದಂಡಿಗೆ ದುಡಿದವರ ಮಾರುತ್ತರಗಳಾದರೋ ಹೆಸರುಸಹಿತ ಗ್ರಂಥಸ್ಥವಾದುದು ವಿರಳ. ದೊಡ್ಡವರಿಗೆ ಆಡದ ಮಾತೂ ಸಂದಿತು. ಸಣ್ಣವರ ಪಾಲಿಗೆ ಆಡಿದ ಮಾತೂ ಉಳಿಯಲಿಲ್ಲ. ಆದಕಾರಣ ಆಡಳಿತದ ಕಡತಗಳಲ್ಲಿ 'ಉದ್ಧಟತನ'ವೆಂಬ ಆರೋಪ ಕಂಡಾಗ, ಅದರ ಹಿಂದೆ ಒಂದು ಸಮರ್ಥವಾದ ಉತ್ತರವಿದ್ದಿರಬಹುದೇ ಎಂದು ವಿಚಾರಿಸುವುದು ಸಂಶೋಧಕರ ಕರ್ತವ್ಯ. ಆ ಮನೆತನಗಳ ಹಿರಿಯರು ನೆನಪಿಟ್ಟಿರುವ ನುಡಿಗಳನ್ನು ಸಂಗ್ರಹಿಸುವುದು ಅದಕ್ಕಿಂತಲೂ ತ್ವರೆಯ ಕೆಲಸ.