ಪೈಥಾನ್ ಡಾಕ್ಯುಮೆಂಟೇಶನ್ ತಾಣ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಅಧಿಕೃತ ಕೈಪಿಡಿಗಳು ಇರುವ ಜಾಲತಾಣ. ಹೊಸಬರಿಗೆ ಪಾಠಗಳು, ಸ್ಟ್ಯಾಂಡರ್ಡ್ ಲೈಬ್ರರಿಯ ವಿವರ, ಭಾಷೆಯ ನಿಯಮಗಳು ಎಲ್ಲವೂ ಇಲ್ಲೇ ಸಿಗುತ್ತವೆ.

ಗೀಡೊ ವಾನ್ ರಾಸಮ್ 1991ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಯ ಕೈಪಿಡಿಗಳು ಬಹುಕಾಲ ಲೇಟೆಕ್‌ನಲ್ಲಿದ್ದವು. ಅದು ಅಚ್ಚಿಗೆ ಒಪ್ಪುವ ವ್ಯವಸ್ಥೆ. ಜಾಲಪುಟ ಬೇಕೆಂದರೆ ಇನ್ನೊಂದು ಸಲಕರಣೆಯಿಂದ ಪರಿವರ್ತಿಸಬೇಕಿತ್ತು. ಒಂದು ಸಾಲಿನ ತಪ್ಪು ತಿದ್ದಲು ಬಂದ ಸ್ವಯಂಸೇವಕನೂ ಲೇಟೆಕ್ ಬಲ್ಲವನಾಗಿರಬೇಕಿತ್ತು. ತಿದ್ದುವವರು ಕಡಿಮೆಯಾದರೆ ಕೈಪಿಡಿ ಹಳತಾಗುವುದು ಸಹಜ.

ಜರ್ಮನಿಯ ಗಿಯೋರ್ಗ್ ಬ್ರಾಂಡ್ಲ್ ಇದಕ್ಕೆ ಪರಿಹಾರ ಕಂಡುಕೊಂಡರು. 2007ರಲ್ಲಿ ಕೈಪಿಡಿಗಳ ಮೂಲ ಕಡತಗಳನ್ನು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಸರಳ ಪಠ್ಯರೂಪಕ್ಕೆ ತರಲಾಯಿತು. ಅದನ್ನು ಜಾಲಪುಟಗಳಾಗಿಸಲು ಬ್ರಾಂಡ್ಲ್ ಬರೆದ ಸ್ಫಿಂಕ್ಸ್ ತಂತ್ರಾಂಶ 2008ರ ಮಾರ್ಚ್‌ನಲ್ಲಿ ಹೊರಬಂತು. ಅದೇ ವರ್ಷದ ಪೈಥಾನ್ 2.6 ಹೊಸ ರೂಪದ ಕೈಪಿಡಿಯೊಂದಿಗೆ ಬಂತು. ಒಂದು ಫಂಕ್ಷನ್ನಿನ ಹೆಸರು ಬರೆದರೆ ಅದರ ವಿವರಣೆಗೆ ಕೊಂಡಿ ತಾನಾಗಿ ಏರ್ಪಡುವುದು, ಮುರಿದ ಕೊಂಡಿಗಳನ್ನು ಹುಡುಕಿಕೊಡುವುದು, ಉದಾಹರಣೆಗಳನ್ನು ಓಡಿಸಿ ನೋಡುವುದು ಸ್ಫಿಂಕ್ಸ್‌ನಿಂದ ಸುಲಭವಾಯಿತು. ಒಂದು ಭಾಷೆಯ ಮನೆಗೆಲಸಕ್ಕೆಂದು ಹುಟ್ಟಿದ ಈ ಸಲಕರಣೆ ಊರಿನ ಆಸ್ತಿಯಾಯಿತು: ತಂತ್ರಾಂಶಗಳ ಕೈಪಿಡಿಗಳನ್ನು ಜಾಲದಲ್ಲಿಡುವ, 2010ರಲ್ಲಿ ಶುರುವಾದ ರೀಡ್ ದ ಡಾಕ್ಸ್ ಸೇವೆ ಇದನ್ನೇ ನೆಚ್ಚಿತು, 2016ರಲ್ಲಿ ಲಿನಕ್ಸ್ ಕರ್ನಲ್ ಕೂಡ ತನ್ನ ಕೈಪಿಡಿಗಳನ್ನು ಇದರತ್ತ ಸಾಗಿಸತೊಡಗಿತು.

ತಾಣ ಕಟ್ಟುವುದಕ್ಕಿಂತ ವಿಳಾಸ ಕಾಯುವುದು ಕಷ್ಟವಾಯಿತೆನ್ನಬೇಕು. ಪೈಥಾನ್ 3 ಬಂದು ನಾಲ್ಕು ವರ್ಷವಾದರೂ ತಾಣದ ಮುಖಪುಟ 2ರ ಕೈಪಿಡಿಯನ್ನೇ ತೆರೆಯುತ್ತಿತ್ತು. ಅದನ್ನು 3ಕ್ಕೆ ತಿರುಗಿಸಲು 2012ರಲ್ಲಿ ಪೈಥಾನ್ ಅಭಿವೃದ್ಧಿಕಾರ ನಿಕ್ ಕೋಗ್ಲನ್ ಪಿಇಪಿ (ಪೈಥಾನ್ ಸುಧಾರಣಾ ಪ್ರಸ್ತಾವ) 430 ಬರೆದರು. ಪುಸ್ತಕಗಳಲ್ಲಿ, ಲೇಖನಗಳಲ್ಲಿ ಆಗಲೇ ಅಚ್ಚಾಗಿದ್ದ ಒಳಪುಟಗಳ ಹಳೆಯ ಕೊಂಡಿಗಳು ದಾರಿ ತಪ್ಪಬಾರದೆಂಬುದು ಅದರ ಮುಖ್ಯ ಕಾಳಜಿ. ಹಳೆಯ ಆವೃತ್ತಿಗಳ ಕೈಪಿಡಿಗಳನ್ನೂ ತಾಣ ಅಳಿಸಿಲ್ಲ; ಹಳೆಯ ಪ್ರೋಗ್ರಾಂ ನಿಭಾಯಿಸುವವರಿಗೆ ಅವೇ ಗತಿ.

ಅನುವಾದಗಳಿಗೆ ಅಧಿಕೃತ ಜಾಗ ಕೊಟ್ಟದ್ದು 2017ರ ಪಿಇಪಿ 545. ಜಪಾನಿ, ಫ್ರೆಂಚ್, ಕೊರಿಯನ್ ಮೊದಲು ಸೇರಿದವು. ಮೂಲದ ಪ್ಯಾರಾ ಬದಲಾದರೆ ಅದರ ಹಳೆಯ ಅನುವಾದ ಪುಟದಿಂದ ಸರಿಯುತ್ತದೆ. ಅನುವಾದಕರು ಮತ್ತೆ ನೋಡಿ ಒಪ್ಪುವವರೆಗೆ ಆ ಜಾಗದಲ್ಲಿ ಇಂಗ್ಲಿಷ್ ಕಾಣಿಸುತ್ತದೆ.