ಆಗಸ್ಟ್ 9: ಬೇರೆಯಾದ ದಿನದ ಹಬ್ಬ

ನಮ್ಮ ಮನೆಗಳಲ್ಲಿ ಆಗಸ್ಟ್ ಎಂದರೆ ಎರಡು ನಾಡಹಬ್ಬಗಳ ತಿಂಗಳು. 9ರಂದು ಸಿಂಗಪುರದ ರಾಷ್ಟ್ರೀಯ ದಿನ. ಆರು ದಿನ ಕಳೆದರೆ ಭಾರತದ ಸ್ವಾತಂತ್ರ್ಯೋತ್ಸವ. 15ರ ಕಥೆಯನ್ನು ಮಕ್ಕಳಿಗೆ ನಾವು ಹೇಳುತ್ತೇವೆ. 9ರ ಕಥೆಯನ್ನು ಅವರೇ ಶಾಲೆಯಲ್ಲಿ ಕಲಿತು ಬಂದು ನಮಗೆ ಹೇಳುತ್ತಾರೆ. ನಾವೂ ಅದನ್ನು ತಿಳಿದಿರುವುದು ಒಳ್ಳೆಯದು.

ಇದು ಬ್ರಿಟಿಷರಿಂದ ಬಿಡುಗಡೆಯಾದ ದಿನವಲ್ಲ. 1819ರಲ್ಲಿ ರಾಫಲ್ಸ್ ಬಂದಿಳಿದ ಈ ದ್ವೀಪಕ್ಕೆ 1959ರಲ್ಲಿ ಸ್ವಯಮಾಡಳಿತ ದೊರೆಯಿತು. 1963ರ ಸೆಪ್ಟೆಂಬರ್ 16ರಂದು ಮಲಯ, ಸಬಾ, ಸರವಾಕ್‌ಗಳೊಡನೆ ಸೇರಿ ಅದು ಮಲೇಷ್ಯಾದ ಭಾಗವಾಯಿತು. ಕುಡಿಯುವ ನೀರಿಗೂ ಜೊಹೋರನ್ನು ನೆಚ್ಚಿದ್ದ ಪುಟ್ಟ ಊರು ಒಂಟಿಯಾಗಿ ಬಾಳಲಾರದೆಂದೇ ನಾಯಕರ ನಂಬಿಕೆಯಾಗಿತ್ತು.

ಆ ಕೂಡುಬಾಳ್ವೆ ಎರಡು ವರ್ಷವೂ ತುಂಬಲಿಲ್ಲ. ಮಲಯರಿಗೆ ವಿಶೇಷ ಹಕ್ಕೋ, ಎಲ್ಲ ಜನಾಂಗಗಳಿಗೂ ಸಮಾನ ಸ್ಥಾನವೋ ಎಂಬ ವಾದ ಬೆಳೆಯಿತು. ಹಣಕಾಸಿನ ತಕರಾರೂ ಸೇರಿತು. 1964ರಲ್ಲಿ ಎರಡು ಬಾರಿ ಜನಾಂಗೀಯ ಗಲಭೆಯಾಗಿ ಜೀವಗಳು ಹೋದವು. ಕೊನೆಗೆ ಗುಟ್ಟಾಗಿ ಮಾತುಕತೆ ನಡೆದು, 1965ರ ಆಗಸ್ಟ್ 9ರಂದು ಸಿಂಗಪುರ ಬೇರೆಯಾಯಿತು. ಆ ದಿನ ಪ್ರಧಾನಿ ಲೀ ಕುವಾನ್ ಯೂ ಟಿ.ವಿ. ಕ್ಯಾಮೆರಾಗಳ ಮುಂದೆಯೇ ಕಣ್ಣೀರಿಟ್ಟರು.

ನಮ್ಮ ರಾಜ್ಯೋತ್ಸವ 1956ರಲ್ಲಿ ಹಂಚಿಹೋಗಿದ್ದ ನಾಡು ಒಂದಾದುದರ ನೆನಪು. ಆ ಸಂತೋಷದಲ್ಲೂ ಕಾಸರಗೋಡು ಹೊರಗುಳಿದ ನೋವಿತ್ತು. ಇಲ್ಲಿಯ ಹಬ್ಬವಾದರೋ ಬೇರೆಯಾದ ದಿನದ್ದು. ಹೆಚ್ಚಿನವರು ಬಯಸದೆ ಬಂದ ಸ್ವಾತಂತ್ರ್ಯವನ್ನು ಈ ಜನ ದುಡಿದು ತಮ್ಮದಾಗಿಸಿಕೊಂಡರು.

ಒಂದು ವರ್ಷ ತುಂಬಿದಾಗ, 1966ರ ಆಗಸ್ಟ್ 9ರಂದು, ಮೊದಲ ಪಥಸಂಚಲನ ಪಡಾಂಗ್ ಮೈದಾನದಲ್ಲಿ ನಡೆಯಿತು. 1943ರಲ್ಲಿ ನೇತಾಜಿ ಸುಭಾಷರು ಆಜಾದ್ ಹಿಂದ್ ಫೌಜಿನ ವಂದನೆ ಸ್ವೀಕರಿಸಿದ್ದೂ ಅದೇ ಮೈದಾನದಲ್ಲಿ! ಶಾಲೆಗಳಲ್ಲಿ ಮಕ್ಕಳು ಹೇಳುವ ಪ್ರತಿಜ್ಞೆ ಶುರುವಾದದ್ದೂ 1966ರಲ್ಲೇ. ಅದರ ಕರಡು ಬರೆದ ಎಸ್. ರಾಜರತ್ನಂ ಅವರು ಜಾಫ್ನಾದಲ್ಲಿ ಹುಟ್ಟಿದ ತಮಿಳರು. ಜನಾಂಗ, ಭಾಷೆ, ಧರ್ಮ ಯಾವುದೇ ಇರಲಿ, ಎಲ್ಲರೂ ಒಂದೇ ಜನವೆಂಬುದು ಅದರ ತಿರುಳು. ಯಾವ ಪ್ರಶ್ನೆ ಒಕ್ಕೂಟವನ್ನು ಒಡೆಯಿತೋ ಅದಕ್ಕೆ ಈ ದೇಶ ಕೊಟ್ಟ ಉತ್ತರ ಇದು.

ಇಲ್ಲಿಯ ನಾಲ್ಕು ಅಧಿಕೃತ ಭಾಷೆಗಳಲ್ಲಿ ಕನ್ನಡವಿಲ್ಲ. ಆದರೂ ನಾವು ಸಂಘ ಕಟ್ಟಿ, ಮಕ್ಕಳಿಗೆ ಅಕ್ಷರ ಕಲಿಸಿ, ನೆಮ್ಮದಿಯಿಂದ ಕನ್ನಡಿಗರಾಗಿಯೇ ಇದ್ದೇವೆ. ಆ ಉತ್ತರದಲ್ಲಿ ನಮ್ಮ ಪಾಲೂ ಇದೆ. ನಮ್ಮಲ್ಲಿ ಕೆಲವರ ಗಂಡುಮಕ್ಕಳು ಇಲ್ಲಿಯ ಸೈನಿಕ ಸೇವೆಗೂ ಹೋಗುತ್ತಾರೆ. ಈ ಬಾರಿ ಮಕ್ಕಳೊಡನೆ ಕುಳಿತು ಪಥಸಂಚಲನ ನೋಡುವಾಗ ಈ ಕಥೆಯನ್ನೂ ಹೇಳೋಣ. ಎಲ್ಲ ಸದಸ್ಯ ಕುಟುಂಬಗಳಿಗೆ ರಾಷ್ಟ್ರೀಯ ದಿನದ ಶುಭಾಶಯಗಳು.